ವಿಷ್ಣುಕ್ರಾಂತಿ ಯಾವುದು, ಮೇಷ್ಟ್ರೇ?

ಹೆಸರು ಗೊತ್ತಿರುವುದು ಬೇರೆ, ಗುರುತು ಗೊತ್ತಿರುವುದು ಬೇರೆ. ಮನುಷ್ಯರ ವಿಷಯದಲ್ಲಿ ಈ ವ್ಯತ್ಯಾಸ ನಮಗೆಲ್ಲ ಚೆನ್ನಾಗಿ ತಿಳಿದಿದೆ. ಮದುವೆ ಮನೆಯಲ್ಲಿ ಯಾರೋ ಬಂದು, ‘ಗೊತ್ತಾಯ್ತಾ ನಾನ್ಯಾರು ಅಂತ?’ ಎಂದು ಕೇಳಿದಾಗ ನಾವು ಪಡುವ ಪಾಡು ಅನುಭವಿಸಿದವರಿಗೇ ಗೊತ್ತು. ಗಿಡಗಳ ವಿಷಯದಲ್ಲಿ ನಮ್ಮ ಸ್ಥಿತಿ ಇದಕ್ಕಿಂತಲೂ ಕಡೆ. ತುಂಬೆ, ಉತ್ತರಾಣಿ, ನೆಗ್ಗಿಲು, ವಿಷ್ಣುಕ್ರಾಂತಿ ಎಂದು ಹೆಸರುಗಳನ್ನು ಸರಾಗವಾಗಿ ಹೇಳುತ್ತೇವೆ. ‘ಎಲ್ಲಿ, ಒಂದನ್ನು ಕಿತ್ತು ತೋರಿಸು’ ಎಂದರೆ ಮುಖ ಮುಖ ನೋಡುತ್ತೇವೆ. ಗಿಡ ಪಾಪ, ಮದುವೆ ಮನೆಯ ನೆಂಟರಂತೆ ಕೋಪಿಸಿಕೊಳ್ಳುವುದಿಲ್ಲ. ಆದರೆ ಗುರುತು ತಪ್ಪಿದ್ದಕ್ಕೆ ಬೇರೆ ರೀತಿಯಲ್ಲಿ ಬೆಲೆ ತೆರಬೇಕಾಗಬಹುದು.

ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಒಬ್ಬ ಹುಡುಗ ಪರೀಕ್ಷೆಗೆ ಮೂರು ವಾರ ಇದೆ ಎನ್ನುವಾಗ ಶಾಲೆಗೆ ಬರುವುದನ್ನು ನಿಲ್ಲಿಸಿದ. ವಿಚಾರಿಸಿದರೆ ವಾಂತಿ, ತಲೆಸುತ್ತು, ತಾಲ್ಲೂಕು ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ್ದಾರೆ ಎಂದು ತಿಳಿಯಿತು. ಆದದ್ದಿಷ್ಟು. ವಿಷ್ಣುಕ್ರಾಂತಿಯ ಗಿಡವನ್ನು ಅರೆದು ಹಾಲಿನಲ್ಲಿ ಕೊಟ್ಟರೆ ಹುಡುಗರಿಗೆ ಓದಿದ್ದು ಮರೆಯುವುದಿಲ್ಲ ಎಂದು ಯಾರೋ ಹೇಳಿದ್ದರು. ಹಮಾಲಿ ಕೆಲಸ ಮಾಡುವ ತಂದೆ ಸಂಜೆ ಹಿಂದಿರುಗುವಾಗ ಕೆರೆಯ ಅಂಗಳದಲ್ಲಿ ಕಂಡ ನೀಲಿ ಹೂವಿನ ಗಿಡವನ್ನು ಕಿತ್ತು ತಂದ. ತಾಯಿ ಅರೆದು ಕೊಟ್ಟಳು. ಮೂರನೆಯ ದಿನ ಹುಡುಗ ಹಾಸಿಗೆ ಹಿಡಿದ. ‘ಯಾವ ಗಿಡ ಕೊಟ್ಟಿರಿ?’ ಎಂದು ಡಾಕ್ಟರು ಕೇಳಿದರೆ ಇಬ್ಬರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಆ ತಾಯಿ ಮಾರನೆಯ ದಿನ ಸ್ಟೀಲ್ ಡಬ್ಬಿಯೊಂದನ್ನು ಹಿಡಿದು ಶಾಲೆಗೆ ಬಂದಳು. ಅದರೊಳಗೆ ಅರೆದು ಉಳಿದಿದ್ದ ಮುದ್ದೆಯಿತ್ತು.

‘ನೀವು ಸೈನ್ಸ್ ಮೇಷ್ಟ್ರಲ್ವಾ, ಇದು ವಿಷ್ಣುಕ್ರಾಂತಿ ಹೌದೋ ಅಲ್ವೋ ನೋಡಿ ಹೇಳಿ ಮೇಷ್ಟ್ರೇ’ ಎಂದಳು.

ಅರೆದ ಮೇಲೆ ಯಾವ ಗಿಡವಾದರೂ ಹಸಿರು ಮುದ್ದೆಯೇ. ಹೂವಿಲ್ಲ, ಎಲೆಯಿಲ್ಲ, ಕಾಂಡವಿಲ್ಲ. ಲೋಕದ ಯಾವ ಸಸ್ಯಶಾಸ್ತ್ರಜ್ಞನಿಗೂ ಬರಿಗಣ್ಣಿನಲ್ಲಿ ಅದನ್ನು ಗುರುತಿಸಲು ಸಾಧ್ಯವಿಲ್ಲ. ‘ಇದರಿಂದ ಹೇಳೋದಕ್ಕೆ ಆಗಲ್ಲಮ್ಮ. ಹುಡುಗನಿಗೆ ಮೊದಲು ಗುಣವಾಗಲಿ’ ಎಂದು ಕಳುಹಿಸಿದೆ. ಹುಡುಗ ನಾಲ್ಕು ದಿನಕ್ಕೆ ಎದ್ದು ಓಡಾಡಿದ. ಪರೀಕ್ಷೆಯನ್ನೂ ಬರೆದ, ಪಾಸೂ ಆದ. ಆ ದಿನಗಳಲ್ಲಿ ಅವನು ಕುಡಿದದ್ದು ಬರಿಯ ಹಾಲು. ಆದರೆ ಆ ತಾಯಿಯ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಮುಂದಿನ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದೇ ಒಂದು ಗಿಡವನ್ನು ಸರಿಯಾಗಿ ಗುರುತಿಸಲು ಕಲಿಸಬೇಕೆಂದು ತೀರ್ಮಾನಿಸಿದೆ. ಯಾವ ಗಿಡ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಮೊದಲು ಪಾಠ ಮಾಡಲಿಲ್ಲ. ‘ನಾಳೆ ಎಲ್ಲರೂ ವಿಷ್ಣುಕ್ರಾಂತಿ ತನ್ನಿ. ಬೇರು ಕೀಳಬೇಡಿ, ಹೂವಿರುವ ಒಂದು ಗೇಣುದ್ದದ ಕಡ್ಡಿ ಸಾಕು. ತಂದ ಮೇಲೆ ಕೈ ತೊಳೆಯಿರಿ, ಬಾಯಿಗಂತೂ ಹಾಕಲೇಬೇಡಿ’ ಎಂದೆ. ಮಾರನೆಯ ದಿನ ನನ್ನ ಮೇಜಿನ ಮೇಲೆ ವಿಷ್ಣುಕ್ರಾಂತಿಯೆಂಬ ಒಂದೇ ಹೆಸರಿನಲ್ಲಿ ನಾಲ್ಕು ಬಗೆಯ ಗಿಡಗಳು ಬಂದು ಕುಳಿತವು!

ಅತಿ ಹೆಚ್ಚು ಮಂದಿ ತಂದದ್ದು ಹೊಲದ ಬದುವಿನಲ್ಲಿ ಬೆಳೆಯುವ ಕನ್ನೆಸೊಪ್ಪನ್ನು. ಇದರ ಹೂವೂ ನೀಲಿ, ಇದೂ ಬೆಳಗ್ಗೆ ಅರಳಿ ಬೇಗ ಬಾಡುತ್ತದೆ. ಆದರೆ ಎಲೆಯನ್ನು ಬೆಳಕಿಗೆ ಹಿಡಿದರೆ ನರಗಳು ಜೋಳದ ಎಲೆಯಲ್ಲಿರುವಂತೆ ಉದ್ದುದ್ದಕ್ಕೆ ಸಾಗಿವೆ. ಎಲೆಯ ಬುಡ ಕಾಂಡವನ್ನು ಒರೆಯಂತೆ ಸುತ್ತಿಕೊಂಡಿದೆ. ಹೂವಿಗೆ ಮೂರು ದಳ, ಅದರಲ್ಲಿ ಎರಡು ದೊಡ್ಡವು, ಒಂದು ಚಿಕ್ಕದು. ಹೂ ಹೊರಬರುವುದೂ ಮಡಿಸಿದ ದೋಣಿಯಂಥ ಒಂದು ಹಸಿರು ಹೊದಿಕೆಯೊಳಗಿಂದ. ‘ಮೂರು ದಳ, ಉದ್ದ ನರ: ಅಂದರೆ ಏನ್ರಪ್ಪಾ?’ ಎಂದೆ. ‘ಏಕದಳ ಸಸ್ಯ ಸಾರ್’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಪುಸ್ತಕದ ಪಾಠ ಕೈಯಲ್ಲಿದ್ದ ಸೊಪ್ಪಿಗೆ ಹೊಂದಿಕೊಂಡದ್ದನ್ನು ಕಂಡು ಆ ಹುಡುಗನಿಗೇ ಆಶ್ಚರ್ಯ.

ಎರಡನೆಯದು ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪ. ಇದು ಅವರೆ, ಅಲಸಂದೆಗಳ ಬಳಗದ್ದು. ಹೂವಿನ ಒಂದು ದಳ ಮಾತ್ರ ಬಾವುಟದಂತೆ ಅಗಲ, ಕಾಯಿ ಚಪ್ಪಟೆಯಾದ ಕೋಡು. ಆಧಾರ ಸಿಕ್ಕರೆ ಆಳೆತ್ತರ ಏರುವ ಬಳ್ಳಿಯಿದು.

ಮೂರನೆಯದನ್ನು ತಂದವನು ಊರಿನ ಹೊಸ ಮನೆಯೊಂದರ ಕುಂಡದಿಂದ ತಂದಿದ್ದ. ಅಪ್ಪನ ಮೊಬೈಲಿನ ಆ್ಯಪ್ ಕೂಡ ‘ಇವಾಲ್ವುಲಸ್’ ಎಂದೇ ಹೇಳಿತೆಂದು ಅವನ ವಾದ. ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಅದು ವಿಷ್ಣುಕ್ರಾಂತಿಯ ದಾಯಾದಿ, ಅದೇ ಕುಲದ ಇವಾಲ್ವುಲಸ್ ಗ್ಲಾಮರೇಟಸ್. ಬ್ರೆಜಿಲ್ ಕಡೆಯದು. ನರ್ಸರಿಗಳಲ್ಲಿ ‘ಬ್ಲೂ ಡೇಜ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಹೂವು ದೊಡ್ಡದು, ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬರುತ್ತದೆ. ಅಂದರೆ ಆ್ಯಪ್ ಹುಡುಗನನ್ನು ಮನೆತನದ ಬಾಗಿಲವರೆಗೆ ಕರೆದುಕೊಂಡು ಹೋಗಿತ್ತು. ಒಳಗೆ ಹೋಗಿ ಮನುಷ್ಯನನ್ನು ಗುರುತು ಹಿಡಿಯುವ ಕೆಲಸ ಇನ್ನೂ ಬಾಕಿಯಿತ್ತು.

ನಾಲ್ಕನೆಯದನ್ನು ತಂದವಳು ಕುರಿ ಸಾಕುವ ಮನೆಯ ಹುಡುಗಿ. ತೀರ ಸಣ್ಣ ಕಡ್ಡಿ, ಅದರಲ್ಲಿ ಬಾಡತೊಡಗಿದ್ದ ಒಂದೇ ಒಂದು ಹೂವು. ‘ಇದರ ಹೆಸರು ಏನಮ್ಮ?’ ಎಂದೆ. ‘ಹೆಸರು ಗೊತ್ತಿಲ್ಲ ಸಾ. ಗೋಮಾಳದಲ್ಲಿ ಕುರಿ ಬಿಟ್ಟು ಕೂತಾಗ ಕಾಲ ಹತ್ರ ಇರ್ತದೆ. ನೀಲಿ ಅಲ್ವಾ ಅಂತ ತಂದೆ’ ಎಂದಳು. ಹೆಸರು ಗೊತ್ತಿದ್ದವರೆಲ್ಲ ಬೇರೆ ಬೇರೆ ಗಿಡ ತಂದಿದ್ದರು. ಹೆಸರೇ ಗೊತ್ತಿಲ್ಲದವಳು ತಂದದ್ದು ವಿಷ್ಣುಕ್ರಾಂತಿ!

ಅಂದಿನ ಶನಿವಾರ ಬೆಳಗ್ಗೆ ಎಂಟಕ್ಕೆ ಅವಳನ್ನೇ ಮುಂದೆ ಮಾಡಿಕೊಂಡು ಗೋಮಾಳಕ್ಕೆ ಹೊರಟೆವು. ತಡಮಾಡುವಂತಿರಲಿಲ್ಲ. ಈ ಹೂವು ಬೆಳಗ್ಗೆ ಬಿಸಿಲೇರಿದಾಗ ಅರಳಿ, ಮಧ್ಯಾಹ್ನದ ಹೊತ್ತಿಗೆ ಮುದುಡತೊಡಗುತ್ತದೆ. ಸಂಜೆ ಹೋಗಿ ಹುಡುಕಿದರೆ ಕಾಲಡಿಯಲ್ಲೇ ಇದ್ದರೂ ಕಾಣುವುದಿಲ್ಲ. ನಮ್ಮ ಕಡೆಯ ನೆಲ ನಿಮಗೆ ಗೊತ್ತಿರಬಹುದು: ಬಂಡೆ ಪುಡಿಯಾಗಿ ಆದ ಕೆಂಪು ಮರಳು ಮಣ್ಣು, ಮೇಲೆ ನೊರಜುಗಲ್ಲು, ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ತಂಗಡಿ, ಬಂದರಿಕೆ. ಅಂಚಿನಲ್ಲಿ ಬಿಡಿಬಿಡಿಯಾಗಿ ಜಾಲಿ, ಕಮರದ ಮರಗಳ ಕುರುಚಲು ಕಾಡು. ನೀರು ನಿಲ್ಲದ, ಬಿಸಿಲು ಧಾರಾಳವಾಗಿ ಬೀಳುವ ಇಂಥ ಮರಳು ಹುಲ್ಲುಗಾವಲು, ತೆರಪಾದ ಕಾಡುಗಳೇ ವಿಷ್ಣುಕ್ರಾಂತಿಗೆ ಇಷ್ಟ. ಹಾಗಾಗಿ ಗುರುತಿನ ಮೊದಲ ಪ್ರಶ್ನೆ ‘ಹೂವಿನ ಬಣ್ಣ ಯಾವುದು?’ ಎಂಬುದಲ್ಲ, ‘ನೀನು ನಿಂತಿರುವ ನೆಲ ಎಂಥದು?’ ಎಂಬುದು. ಕೆರೆಯ ಅಂಗಳದ ಕೆಸರಿನಲ್ಲಿ ಸಿಕ್ಕ ನೀಲಿ ಹೂವಿನ ಬಗ್ಗೆ ಅಲ್ಲಿಯೇ ಅನುಮಾನ ಹುಟ್ಟಬೇಕು.

ಎರಡನೆಯ ಪ್ರಶ್ನೆ: ಗಿಡ ನಿಂತಿರುವುದು ಹೇಗೆ? ವಿಷ್ಣುಕ್ರಾಂತಿ ನಿಲ್ಲುವುದಿಲ್ಲ, ಮಲಗುತ್ತದೆ. ಒಂದು ಬುಡದಿಂದ ತಂತಿಯಂತೆ ತೆಳ್ಳಗಿನ ಹಲವಾರು ಕವಲುಗಳು ಹೊರಟು ನಾಲ್ಕೂ ದಿಕ್ಕಿಗೆ ನೆಲದ ಮೇಲೆ ಹರಡುತ್ತವೆ, ತುದಿಗಳು ಮಾತ್ರ ತುಸು ತಲೆ ಎತ್ತುತ್ತವೆ. ಬುಡದ ಮಣ್ಣನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿ ಮಕ್ಕಳಿಗೆ ತೋರಿಸಿದೆ. ಅಲ್ಲಿ ಕಟ್ಟಿಗೆಯಂತೆ ಗಟ್ಟಿಯಾದ ಪುಟ್ಟ ಗಡ್ಡೆಬೇರು. ಬೇಸಿಗೆಯಲ್ಲಿ ಮೇಲಿನ ಕವಲು ಒಣಗಿದರೂ, ಕುರಿ ಮೇಯ್ದರೂ, ಹುಲ್ಲಿಗೆ ಬೆಂಕಿ ಬಿದ್ದರೂ ಗಿಡದ ಬಂಡವಾಳವೆಲ್ಲ ಇಲ್ಲಿ ಭದ್ರ. ಮಳೆ ಬಿದ್ದೊಡನೆ ಹೊಸ ಕವಲು ಹೊರಡುತ್ತದೆ. ಬಹುವಾರ್ಷಿಕ ಸಸ್ಯ ಎಂದು ಪುಸ್ತಕದಲ್ಲಿ ಬರೆಯುವ ಪದದ ಅರ್ಥ ಇದೇ. ಮಣ್ಣನ್ನು ಮತ್ತೆ ಮುಚ್ಚಿಸಿದೆ.

ಮೂರನೆಯದು ಎಲೆ. ಒಂದು ಗಿಣ್ಣಿಗೆ ಒಂದೇ ಎಲೆ, ಉದ್ದ ಒಂದರಿಂದ ಎರಡು ಸೆಂಟಿಮೀಟರು, ತೊಟ್ಟು ಇದ್ದೂ ಇಲ್ಲದಂತೆ. ಬೆರಳಿನಿಂದ ಸವರಿದರೆ ರೇಷ್ಮೆ. ಭೂತಗನ್ನಡಿಯಲ್ಲಿ ನೋಡಿದ ಮಕ್ಕಳು ‘ಸಾರ್, ಬೆಕ್ಕಿನ ಮೈ ಥರ ಇದೆ’ ಎಂದರು. ಎಲೆ, ಕಾಂಡ ಎರಡರ ಮೇಲೂ ಒತ್ತಾಗಿ ಮಲಗಿರುವ ಬಿಳಿಯ ರೋಮಗಳಿವೆ. ದೂರದಿಂದ ಗಿಡಕ್ಕೆ ಒಂದು ಬೂದುಬಣ್ಣದ ಹೊಳಪು ಬರುವುದು ಇದರಿಂದಲೇ. ಒಣ ನೆಲದ ಅನೇಕ ಗಿಡಗಳು ಇಂಥ ತುಪ್ಪಳದ ಹೊದಿಕೆ ಹೊದ್ದಿರುತ್ತವೆ. ಎಲೆಯಿಂದ ನೀರು ಬೇಗ ಆವಿಯಾಗದಂತೆ ಅದು ತಡೆಯುತ್ತದೆ.

ನಾಲ್ಕನೆಯದು ಹೂವು. ಎಲೆಯ ಕಂಕುಳಿನಿಂದ ದಾರದಂಥ ತೊಟ್ಟೊಂದು ಹೊರಡುತ್ತದೆ. ಅದು ಎಲೆಗಿಂತ ಉದ್ದ, ಇದನ್ನು ಮರೆಯಬೇಡಿ. ಕುಂಡದ ಬ್ರೆಜಿಲ್ ಗಿಡದಿಂದ ಇದನ್ನು ಬೇರ್ಪಡಿಸಲು ಈ ದಾರವೇ ಸುಲಭದ ಗುರುತು. ಅದರ ತುದಿಯಲ್ಲಿ ಒಂದೋ ಎರಡೋ ಹೂವು. ಅಗಲ ಒಂದು ಸೆಂಟಿಮೀಟರು ದಾಟುವುದು ಅಪರೂಪ, ಅಂದರೆ ಅಂಗಿಯ ಗುಂಡಿಯಷ್ಟು. ಬಣ್ಣ ತಿಳಿನೀಲಿ, ಅಪರೂಪಕ್ಕೆ ಬಿಳಿ. ‘ಎಷ್ಟು ದಳ?’ ಎಂದಾಗ ‘ಐದು’ ಎಂದರು ಮಕ್ಕಳು. ‘ಒಂದನ್ನು ಕಿತ್ತು ಕೊಡಿ ನೋಡೋಣ’ ಎಂದೆ. ಕಿತ್ತರೆ ಇಡೀ ಹೂವೇ ಕೈಗೆ ಬಂತು, ಐದು ಕೇಸರಗಳನ್ನೂ ಹೊತ್ತುಕೊಂಡು! ಐದು ದಳಗಳು ಕೂಡಿ ಒಂದೇ ಬಟ್ಟಲಾಗಿವೆ, ಕೇಸರಗಳು ಆ ಬಟ್ಟಲಿಗೇ ಅಂಟಿಕೊಂಡಿವೆ. ಮೊಗ್ಗನ್ನು ನೋಡಿದರೆ ಈ ಬಟ್ಟಲು ಕೊಡೆಯಂತೆ ಮಡಿಸಿಟ್ಟಿರುವುದು ಕಾಣುತ್ತದೆ.

ಐದನೆಯದು ಕೊನೆಯ ಸಾಕ್ಷಿ, ಮತ್ತು ಬಹಳ ಗಟ್ಟಿ ಸಾಕ್ಷಿ. ಹೂವಿನ ನಡುವೆ ಅಂಡಾಶಯದಿಂದ ಮೇಲೇಳುವ ಶಲಾಕೆಗಳು ಇಲ್ಲಿ ಎರಡು. ಪ್ರತಿಯೊಂದೂ ಮತ್ತೆ ಎರಡಾಗಿ ಸೀಳಿದೆ. ಹಾಗಾಗಿ ಭೂತಗನ್ನಡಿಯಲ್ಲಿ ನಾಲ್ಕು ಬಿಳಿಯ ಎಳೆಗಳು ಕಾಣುತ್ತವೆ. ಇವಾಲ್ವುಲಸ್ ಕುಲದ ರುಜು ಇದು. ನೋಡಲು ಇದೇ ಕುಟುಂಬದ ಕಾನ್‌ವಾಲ್ವುಲಸ್‌ನಂತಿದ್ದರೂ ಅದರಲ್ಲಿ ಶಲಾಕೆ ಒಂದೇ, ತುದಿಯಲ್ಲಿ ಮಾತ್ರ ಎರಡು ಕವಲು. ನಾಲ್ಕು ಎಳೆಗಳು ತನಗೆ ಕಂಡವೆಂದು ಹೇಳಲು ಪ್ರತಿಯೊಬ್ಬನಿಗೂ ಒಂದೆರಡು ನಿಮಿಷ ಹಿಡಿಯಿತು. ಆದರೆ ಕಂಡ ಮೇಲೆ ಯಾರೂ ನನ್ನನ್ನು ‘ಇದೇ ಹೌದಾ ಸಾರ್?’ ಎಂದು ಕೇಳಲಿಲ್ಲ. ಮೇಷ್ಟ್ರು ಹೇಳಿದ್ದಕ್ಕೂ ತಾನೇ ಕಂಡದ್ದಕ್ಕೂ ಇರುವ ವ್ಯತ್ಯಾಸ ಅದು.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ ಈ ಗಿಡವನ್ನು ಕಾನ್‌ವಾಲ್ವುಲಸ್ ಗುಂಪಿಗೆ ಸೇರಿಸಿದ್ದ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಸುತ್ತಿಕೊಳ್ಳುವುದು ಎಂದು. 1762ರಲ್ಲಿ ಅದೇ ಗ್ರಂಥದ ಎರಡನೆಯ ಆವೃತ್ತಿಯಲ್ಲಿ ಇದನ್ನು ಅಲ್ಲಿಂದ ಬಿಡಿಸಿ ಇವಾಲ್ವುಲಸ್ ಆಲ್ಸಿನಾಯ್ಡಿಸ್ ಎಂದು ಬರೆದ. ಇವಾಲ್ವುಲಸ್ ಎಂದರೆ ಸುತ್ತು ಬಿಚ್ಚಿಕೊಂಡದ್ದು. ಗೆಣಸು, ಕಡಲತೀರದ ಅಡುಂಬು ಬಳ್ಳಿ ಇವೆಲ್ಲ ಇದರ ನೆಂಟರು. ಆ ಮನೆಯಲ್ಲಿ ಹಬ್ಬಿ ಸುತ್ತಿಕೊಳ್ಳುವವರೇ ಹೆಚ್ಚು. ಇದು ಮಾತ್ರ ಯಾರನ್ನೂ ಸುತ್ತಿಕೊಳ್ಳದೆ ತನ್ನ ಪಾಡಿಗೆ ನೆಲದ ಮೇಲೆ ಮಲಗಿರುತ್ತದೆ. ಈ ಕುಲದಲ್ಲಿ ಸುಮಾರು ನೂರು ಪ್ರಭೇದಗಳಿವೆ, ಬಹುಪಾಲು ಅಮೆರಿಕ ಖಂಡಗಳವು. ನಮ್ಮ ವಿಷ್ಣುಕ್ರಾಂತಿಯಾದರೋ ಏಷ್ಯ, ಆಫ್ರಿಕ, ಆಸ್ಟ್ರೇಲಿಯ, ಅಮೆರಿಕ ಎಲ್ಲೆಡೆಯ ಬೆಚ್ಚನೆಯ ನಾಡುಗಳಲ್ಲೂ ಉಂಟು. ವಿಷ್ಣುಕ್ರಾಂತ ಎಂದರೆ ವಿಷ್ಣು ಹೆಜ್ಜೆಯಿಟ್ಟದ್ದು. ಮೂರು ಹೆಜ್ಜೆಗಳಲ್ಲಿ ಲೋಕವನ್ನಳೆದವನ ಹೆಸರು ಈ ಸಣ್ಣ ಗಿಡಕ್ಕೆ ಒಪ್ಪುತ್ತದೆ ಎನ್ನಬೇಕು. ಕೇರಳದಲ್ಲಿ ಇದು ದಶಪುಷ್ಪಗಳಲ್ಲಿ ಒಂದು. ಕರ್ಕಟಕ ಮಾಸದಲ್ಲಿ ಹೆಂಗಸರು ಮುಡಿಯುವ ಹತ್ತು ಗಿಡಗಳ ಸಾಲಿನಲ್ಲಿ ಇದಕ್ಕೂ ಜಾಗವಿದೆ.

ಇನ್ನು ತಾಯಂದಿರು, ತಂದೆಯವರಿಗೆ ಎರಡು ಮಾತು. ನೆನಪಿನ ಶಕ್ತಿಯ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಚರಕ ಸಂಹಿತೆಯಲ್ಲಿ ಬುದ್ಧಿಗೆ ಹಿತವಾದ ನಾಲ್ಕು ಮೇಧ್ಯ ರಸಾಯನಗಳನ್ನು ಹೇಳಿದೆ. ಮಂಡೂಕಪರ್ಣಿ ಅಂದರೆ ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ. ತೊಡಕಿರುವುದು ಕೊನೆಯದರಲ್ಲಿ. ಶಂಖಪುಷ್ಪಿ ಯಾವುದು ಎಂಬುದೇ ವಾದದ ವಿಷಯ. ಉತ್ತರ ಭಾರತದಲ್ಲಿ ಈ ಹೆಸರಿನಲ್ಲಿ ಬಳಸುವುದು ಬಿಳಿ ಅಥವಾ ನಸುಗೆಂಪು ಹೂವಿನ, ನೆಲದ ಮೇಲೆ ಹರಡುವ ಒಂದು ಕಾನ್‌ವಾಲ್ವುಲಸ್. ಕೇರಳದ ಕಡೆ ಬೇಲಿಯ ಶಂಖಪುಷ್ಪ. ಬಂಗಾಳದಲ್ಲಿ ಬೇರೆಯದೇ ಕುಟುಂಬದ ಕ್ಯಾನ್ಸ್‌ಕೋರ ಎಂಬ ಗಿಡ. ನಮ್ಮ ವಿಷ್ಣುಕ್ರಾಂತಿಯನ್ನೂ ಈ ಹೆಸರಿನಲ್ಲಿ ಕೊಡುವವರುಂಟು. ಪಂಡಿತರಲ್ಲೇ ಒಂದು ಹೆಸರಿಗೆ ನಾಲ್ಕು ಗಿಡಗಳಿರುವಾಗ, ಮುಸ್ಸಂಜೆಯಲ್ಲಿ ಕೆರೆಯ ಅಂಗಳದಿಂದ ಕಿತ್ತು ತಂದದ್ದು ಯಾವುದೆಂದು ಹೇಳುವವರು ಯಾರು?

ಹಾಗಾಗಿ ನನ್ನ ಪ್ರಾರ್ಥನೆ ಇಷ್ಟೆ. ಕಾಡುಗಿಡವನ್ನು ನೋಡಿ, ಮುಟ್ಟಿ, ಚಿತ್ರ ಬರೆಯಿರಿ, ಆದರೆ ನಿಮ್ಮಷ್ಟಕ್ಕೆ ನೀವೇ ಅರೆದು ಮಕ್ಕಳಿಗೆ ಕುಡಿಸಬೇಡಿ. ಔಷಧಿ ಬೇಕೆನಿಸಿದರೆ ಓದಿ ಕಲಿತ ವೈದ್ಯರನ್ನು ಕೇಳಿ. ಪರೀಕ್ಷೆಯ ಅಂಕಗಳನ್ನು ಹೆಚ್ಚಿಸುವ ಸೊಪ್ಪನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ. ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿ, ಓದಿದ್ದನ್ನು ಪುಸ್ತಕ ಮುಚ್ಚಿ ಒಮ್ಮೆ ಬರೆದು ನೋಡಿದ ಮಕ್ಕಳು ಅಂಕ ತೆಗೆದದ್ದನ್ನು ಮಾತ್ರ ಪ್ರತಿ ವರ್ಷವೂ ಕಂಡಿದ್ದೇನೆ. ಹೀಗೆಂದು ವಿಷ್ಣುಕ್ರಾಂತಿಯಿಂದ ನೆನಪು ಬೆಳೆಯುವುದೇ ಇಲ್ಲವೆಂದೂ ನಾನು ಹೇಳಲಾರೆ. ಅದರ ಐದು ಗುರುತುಗಳನ್ನು ಮೊಣಕಾಲೂರಿ ಕಂಡ ಆ ಮಕ್ಕಳನ್ನು ಹತ್ತನೆಯ ತರಗತಿಗೆ ಬಂದ ಮೇಲೆ ಕೇಳಿದೆ. ಒಬ್ಬರೂ ಮರೆತಿರಲಿಲ್ಲ!

ಆ ಮಳೆಗಾಲದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ವನಮಹೋತ್ಸವಕ್ಕೆಂದು ಇನ್ನೂರು ಸಸಿಗಳು ಬಂದವು. 1950ರಲ್ಲಿ ಕೆ.ಎಂ. ಮುನ್ಷಿಯವರು ಆರಂಭಿಸಿದ ಈ ಹಬ್ಬವನ್ನು ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಮಾಡುತ್ತೇವೆ. ಗುಂಡಿ ತೋಡಲು ಗುರುತು ಹಾಕಿದ್ದು ಎಲ್ಲಿ ಎಂದರೆ ಅದೇ ಗೋಮಾಳದ ಮರಳು ದಿಣ್ಣೆಯ ಮೇಲೆ. ‘ಪಾಳು ಬಿದ್ದ ಜಾಗ, ಹಸಿರಾದರೂ ಆಗಲಿ’ ಎಂಬ ಒಳ್ಳೆಯ ಉದ್ದೇಶ ಊರಿನವರದು. ಕುರಿ ಸಾಕುವ ಮನೆಯ ಹುಡುಗಿ ನನ್ನ ಬಳಿ ಬಂದು, ‘ಅಲ್ಲಿ ಮರ ಬೆಳೆದು ನೆರಳಾದರೆ ಆ ಗಿಡ ಇರ್ತದಾ ಸಾ? ಹುಲ್ಲು?’ ಎಂದು ಕೇಳಿದಳು. ಬಿಸಿಲನ್ನೇ ನಂಬಿದ ಗಿಡ ದಟ್ಟ ನೆರಳಿನಲ್ಲಿ ಉಳಿಯಲಾರದು. ಹುಲ್ಲು ಹೋದರೆ ಅವಳ ಮನೆಯ ಕುರಿಗಳಿಗೂ ಮೇವಿಲ್ಲ. ಮರವಿಲ್ಲದ ನೆಲವೆಲ್ಲ ಪಾಳು ನೆಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಹುಲ್ಲುಗಾವಲೂ ಒಂದು ಪೂರ್ತಿ ಸಂಸಾರ. ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಉಳಿದಿರುವುದು ಅಂಥ ಬಯಲು ಉಳಿದಿದ್ದರಿಂದ. 2007ರಲ್ಲಿ ಸರ್ಕಾರ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

ಮಕ್ಕಳು ದಿಣ್ಣೆಯ ಮೇಲೆ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಚೌಕಕ್ಕೆ ದಾರ ಕಟ್ಟಿ ಅದರೊಳಗಿನ ಬೇರೆ ಬೇರೆ ಗಿಡಗಳನ್ನು ಎಣಿಸಿದರು. ಮೂವತ್ತೊಂದು ಬಗೆ ಸಿಕ್ಕವು. ಆ ಪಟ್ಟಿಯನ್ನು ಹಿಡಿದುಕೊಂಡೇ ಪಂಚಾಯಿತಿಯ ಹಿರಿಯರನ್ನು ಕಂಡೆವು. ಚರ್ಚೆ ಜೋರಾಗಿಯೇ ನಡೆಯಿತು. ಕೊನೆಗೆ ಸಸಿಗಳನ್ನು ರಸ್ತೆಯ ಬದಿಗೂ ಶಾಲೆಯ ಸುತ್ತಲೂ ನೆಡುವುದೆಂದಾಯಿತು. ಹೊಂಗೆ, ಬೇವು ಅಲ್ಲಿ ಚೆನ್ನಾಗಿ ಬಂದಿವೆ. ದಿಣ್ಣೆಯನ್ನು ಆ ವರ್ಷಕ್ಕೆ ಬಿಟ್ಟರು. ಮುಂದಿನ ವರ್ಷಗಳಲ್ಲೂ ಒಂದೊಂದು ಸಲ ಮಾತು ಎದ್ದು, ಮತ್ತೆ ಅಲ್ಲಿಗೇ ನಿಂತಿದೆ. ಯಾವಾಗಲೂ ನಿಲ್ಲುತ್ತದೆ ಎಂಬ ಭರವಸೆ ನನಗಿಲ್ಲ.

ವಿದ್ಯಾರ್ಥಿಗಳೇ, ಮಳೆ ಬಿದ್ದು ಹದಿನೈದು ದಿನವಾದ ಮೇಲೆ ಒಂದು ಭಾನುವಾರ ಬೆಳಗ್ಗೆ ನಿಮ್ಮೂರಿನ ಬಯಲಿಗೆ ಹೋಗಿ. ಒಂದು ನೋಟ್‌ಬುಕ್, ಪೆನ್ಸಿಲು, ಅಳತೆಪಟ್ಟಿ, ಸಾಧ್ಯವಾದರೆ ಭೂತಗನ್ನಡಿ ಇದ್ದರೆ ಸಾಕು. ನೆಲ, ನಿಲುವು, ಎಲೆ, ಹೂ, ಹೂವಿನ ಒಳಗು: ಈ ಐದನ್ನು ಬರೆದುಕೊಳ್ಳಿ. ಹೆಸರನ್ನು ಕೊನೆಗೆ ಬರೆಯಿರಿ. ಒಂದು ಕಡ್ಡಿಯನ್ನು ಒಣಗಿಸಿ ಇಟ್ಟುಕೊಳ್ಳಬೇಕೆಂದರೆ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ ಮೇಲೆ ಭಾರ ಹೇರಿ, ದಿನಕ್ಕೊಮ್ಮೆ ಹಾಳೆ ಬದಲಾಯಿಸಿ. ಲಿನೇಯಸ್ ಹಾಳೆಗಳಿಗೆ ಅಂಟಿಸಿಟ್ಟ ಒಣಗಿಡಗಳು ಲಂಡನ್ನಿನಲ್ಲಿ ಇಂದಿಗೂ ಇವೆ. ಈ ಪುರವಣಿಯ ಹಾಳೆಗಳೂ ಆ ಕೆಲಸಕ್ಕೆ ಬರುತ್ತವೆ. ಮನೆಯವರೆಲ್ಲ ಓದಿದ ಮೇಲೆ!

ನಮ್ಮ ಮಕ್ಕಳ ಪಟ್ಟಿಯ ಮೂವತ್ತೊಂದರಲ್ಲಿ ಹನ್ನೆರಡು ಗಿಡಗಳ ಮುಂದೆ ಹೆಸರಿದೆ. ಉಳಿದ ಹತ್ತೊಂಬತ್ತರ ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ಈ ವರ್ಷದ ಒಂಬತ್ತನೆಯ ತರಗತಿಯವರು ಅಲ್ಲಿಂದ ಮುಂದುವರಿಸಲಿದ್ದಾರೆ.